ಮುರಕಲ್ಲಿನ ಗೋಡೆಯ ಮೇಲೆ ಎರಡು ಡಬ್ಬ

ಕೋಟದ ಪೇಟೆಯಿಂದ ಪಡುಕರೆಯ ಕಡಲಿಗೆ ಇಳಿಯುವ ದಾರಿಯ ಬದಿಯಲ್ಲಿ, ನಮ್ಮ ಹಿತ್ತಿಲನ್ನು ಬಳಸಿಕೊಂಡು, ಅಜ್ಜನ ಕಾಲದಲ್ಲಿ ಕಟ್ಟಿಸಿದ ಮುರಕಲ್ಲಿನ ಗೋಡೆಯೊಂದುಂಟು; ಗಾರೆಯ ಲೇಪವನ್ನು ಎಂದೂ ಕಾಣದ ಅದರ ಮೈಯಲ್ಲಿ ಮಳೆಗಾಲಕ್ಕೆ ಹಸುರು ಪಾಚಿಯೂ ಬೇಸಗೆಗೆ ಕೆಂಪು ಧೂಳೂ ಸರದಿಯಂತೆ ಬಂದು ನೆಲಸಿ ಹೋಗುತ್ತವೆ. ಕಳೆದ ವರ್ಷ, ಮುಂಗಾರಿನ ಮೋಡಗಳು ಪಡುವಣದಲ್ಲಿ ಕವಿಯತೊಡಗಿದ್ದ ಒಂದು ಬೆಳಗಿನ ಹೊತ್ತು, ತೀರದಲ್ಲಿ ನಡೆದು ಬರುವಾಗ, ಅಲೆಯು ಬಿಟ್ಟುಹೋದ ನೊರೆಗೆರೆಯಲ್ಲಿ ಒಂದರ ಪಕ್ಕದಲ್ಲೊಂದು ಬಿದ್ದಿದ್ದ ಎರಡು ಡಬ್ಬಗಳನ್ನು ನಾನು ಎತ್ತಿಕೊಂಡು ಬಂದೆನು. ಒಂದು, ಮೀನು ತುಂಬಿಸಿ ಮಾರುವ ಉಕ್ಕಿನ ತಗಡಿನ ಡಬ್ಬ. ಅದರ ಅಂಚಿನಲ್ಲಿ ಆಗಲೇ ತುಕ್ಕು ಹಿಡಿದಿತ್ತು. ಮತ್ತೊಂದು ತಂಪು ಪಾನೀಯದ ಅಲ್ಯೂಮಿನಿಯಮ್ ಡಬ್ಬ. ಬಣ್ಣ ಕಿತ್ತುಹೋದೆಡೆಯಲ್ಲಿ ಬೆಳ್ಳಿಯಂತೆ ಹೊಳೆಯುತ್ತಿತ್ತು. ನಾಲ್ಕು ತಿಂಗಳ ಮಳೆಯೂ ಕಡಲಗಾಳಿಯೂ ಇವೆರಡನ್ನು ಏನು ಮಾಡುತ್ತವೆಂಬುದನ್ನು ಕಣ್ಣಾರೆ ನೋಡುವ ಕುತೂಹಲದಿಂದ ಎರಡನ್ನೂ ಆ ಗೋಡೆಯ ಮೇಲೆ, ಗಾಳಿಗೆ ಹಾರದಂತೆ ಕಲ್ಲಿನ ಬಿರುಕಿಗೆ ಒತ್ತಿ, ಇಟ್ಟೆನು.

ಡಬ್ಬಗಳ ವಿಚಾರಕ್ಕೆ ಹೋಗುವ ಮುನ್ನ ಗೋಡೆಯ ವಿಚಾರವನ್ನು ಸ್ವಲ್ಪ ಹೇಳಬೇಕು. ಏಕೆಂದರೆ ಎರಡೂ ಡಬ್ಬಗಳ ಮೂಲಧಾತು ಆ ಗೋಡೆಯ ಕಲ್ಲಿನಲ್ಲೇ ಅಡಗಿದೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು, ನೆಲದೊಳಗಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದುವಾಗಿದ್ದು ಹೊರಗೆ ತೆಗೆದು ಬಿಸಿಲಿಗಿಟ್ಟಾಗ ಇಟ್ಟಿಗೆಯಂತೆ ಗಡಸಾಗುವ ಈ ಶಿಲೆಯನ್ನು ಕಂಡು, ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ದಾಖಲಿಸಿದನು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸಿನಲ್ಲಿ ಸುರಿಯುವ ನಮ್ಮ ಕರಾವಳಿಯ ಮಳೆಯು, ಲಕ್ಷಾಂತರ ವರ್ಷಗಳ ಕಾಲ ಬಂಡೆಗಳ ಮೇಲೆ ಬಿದ್ದು ಒಳಗಿಳಿದು, ಕರಗುವ ಕ್ಷಾರಗಳನ್ನೂ ಸುಣ್ಣದಂಶವನ್ನೂ ಮರಳಿನ ಮೂಲವಾದ ಸಿಲಿಕವನ್ನೂ ತೊಳೆದು ಕಡಲಿಗೆ ಒಯ್ದಾಗ, ಕರಗಲೊಲ್ಲದೆ ಹಿಂದುಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಮ್‌ಗಳ ಆಕ್ಸೈಡುಗಳ ರಾಶಿಯೇ ಈ ಮುರಕಲ್ಲು. ಅದರ ಕೆಂಪೆಲ್ಲವೂ ಕಬ್ಬಿಣದ್ದು. ನಡುನಡುವೆ ಕಾಣುವ ನಸುಬಿಳಿಯ, ಹಳದಿಯ ತೇಪೆಗಳಲ್ಲಿ ಅಲ್ಯೂಮಿನಿಯಮ್‌ನ ಪಾಲು ಹೆಚ್ಚು. ಈ ಎರಡನೆಯದು ಎಲ್ಲಿ ಬಹಳವಾಗಿ ಸಂಗ್ರಹವಾಗುವುದೋ ಅಲ್ಲಿ ಆ ಕಲ್ಲಿಗೆ ಬಾಕ್ಸೈಟ್ ಎಂದು ಹೆಸರಾಗುತ್ತದೆ. ಬೈಂದೂರಿನ ಒತ್ತಿನೆಣೆಯ ಗುಡ್ಡವಿರುವ ಪಡುವರಿಯ ಬಯಲುದಿಣ್ಣೆಯಲ್ಲಿ ಅಂತಹ ಬಾಕ್ಸೈಟ್ ಇರುವುದನ್ನು ಭೂವಿಜ್ಞಾನಿಗಳು ಗುರುತಿಸಿದ್ದಾರೆ. ಆದುದರಿಂದ ನಮ್ಮ ಊರಿನಲ್ಲಿ ಮುರಕಲ್ಲಿನ ಮೆಟ್ಟಿಲನ್ನು ಹತ್ತಿದವರೆಲ್ಲರೂ ಈ ಎರಡು ಲೋಹಗಳ ಮೇಲೆ ಕಾಲಿಟ್ಟವರೇ ಸರಿ.

ಹಾಗಾದರೆ ಲೋಹವು ಇಷ್ಟು ಸಮೃದ್ಧವಾಗಿ ನೆಲದಲ್ಲೇ ಬಿದ್ದಿರುವಾಗ ಖಾಲಿ ಡಬ್ಬವೊಂದನ್ನು ಎಸೆದರೆ ನಷ್ಟವೇನು ಎಂದು ಕೇಳುವವರುಂಟು. ನಷ್ಟವಿರುವುದು ಲೋಹದಲ್ಲಿ ಅಲ್ಲ. ಆ ಲೋಹವನ್ನು ಆಮ್ಲಜನಕದ ಬಿಗಿಹಿಡಿತದಿಂದ ಬಿಡಿಸಲು ವ್ಯಯಿಸಿದ ಶಕ್ತಿಯಲ್ಲಿ. ಕಬ್ಬಿಣವನ್ನು ಬಿಡಿಸುವ ಉಪಾಯವನ್ನು ಮನುಷ್ಯನು ಮೂರು ಸಾವಿರ ವರ್ಷಗಳ ಹಿಂದೆಯೇ ಕಂಡುಕೊಂಡನು: ಇದ್ದಿಲಿನೊಡನೆ ಕೆಂಡವಾಗಿ ಕಾಸಿದರೆ ಇಂಗಾಲವು ಆಮ್ಲಜನಕವನ್ನು ತನ್ನೆಡೆಗೆ ಸೆಳೆದುಕೊಂಡು ಕಬ್ಬಿಣವನ್ನು ಬಿಟ್ಟುಕೊಡುತ್ತದೆ. ಆದರೆ ಅಲ್ಯೂಮಿನಿಯಮ್‌ನ ಹಿಡಿತವು ಅದಕ್ಕಿಂತ ಎಷ್ಟೋ ಬಲವಾದದ್ದು. ಇದ್ದಿಲಿನ ಕುಲುಮೆಗೆ ಅದು ಜಗ್ಗದು. ಭೂಮಿಯ ಹೊರಪದರದಲ್ಲಿ ನೂರಕ್ಕೆ ಎಂಟು ಪಾಲಿನಷ್ಟಿದ್ದು, ಕಬ್ಬಿಣಕ್ಕಿಂತಲೂ ಹೇರಳವಾಗಿರುವ ಈ ಲೋಹವನ್ನು 1825ರವರೆಗೆ ಯಾರೂ ಬಿಡಿಯಾಗಿ ಕಂಡಿರಲಿಲ್ಲ. ಕಂಡ ಮೇಲೂ ಕೆಲವು ದಶಕಗಳ ಕಾಲ ಅದು ರಾಜರ ಭೋಜನಶಾಲೆಯ ವಸ್ತುವಾಗಿತ್ತು. 1886ರಲ್ಲಿ, ಅಮೆರಿಕದಲ್ಲಿ ಚಾರ್ಲ್ಸ್ ಹಾಲ್ ಮತ್ತು ಫ್ರಾನ್ಸಿನಲ್ಲಿ ಪಾಲ್ ಎರೂ ಎಂಬ, ಒಂದೇ ವರ್ಷದಲ್ಲಿ ಹುಟ್ಟಿದ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆಯೇ, ಕರಗಿದ ಕ್ರಯೊಲೈಟ್ ಎಂಬ ಖನಿಜದಲ್ಲಿ, ಅಲ್ಯೂಮಿನವೆಂಬ ಆ ಲೋಹದ ಆಕ್ಸೈಡನ್ನು ಲೀನಗೊಳಿಸಿ ವಿದ್ಯುತ್ತನ್ನು ಹಾಯಿಸುವ ಮಾರ್ಗವನ್ನು ತೋರಿದ ಮೇಲೆಯೇ ಅದು ಬಡವನ ಅಡುಗೆಮನೆಗೆ ಇಳಿಯಿತು. ಇಂದಿಗೂ ಅದೇ ಮಾರ್ಗ. ನಾಲ್ಕೈದು ಟನ್ ಬಾಕ್ಸೈಟಿನಿಂದ ಎರಡು ಟನ್ ಅಲ್ಯೂಮಿನ, ಎರಡು ಟನ್ ಅಲ್ಯೂಮಿನದಿಂದ ಒಂದು ಟನ್ ಲೋಹ. ಆ ಕೊನೆಯ ಹೆಜ್ಜೆಯೊಂದಕ್ಕೇ ಕಿಲೋ ಒಂದಕ್ಕೆ ಸುಮಾರು 14 ಯೂನಿಟ್ ವಿದ್ಯುತ್ತು.

ಈ ಸಂಖ್ಯೆಯು ನಮ್ಮವರ ಮನಸ್ಸಿಗೆ ತಟ್ಟಬೇಕಾದರೆ ಹೊಸಂಗಡಿಯ ವಾರಾಹಿ ವಿದ್ಯುದಾಗಾರವನ್ನು ನೆನೆಯಬೇಕು. ಗುಡ್ಡದ ಗರ್ಭದಲ್ಲಿ ಕೊರೆದ ಆ ಭೂಗತ ಮಂದಿರದ ಯಂತ್ರಗಳೆಲ್ಲವೂ ಪೂರ್ಣಶಕ್ತಿಯಿಂದ ತಿರುಗಿದರೆ 460 ಮೆಗಾವಾಟ್. ಅಂದರೆ ಘಟ್ಟದ ನೀರನ್ನೆಲ್ಲ ಧುಮುಕಿಸಿ ಒಂದು ಗಂಟೆಯ ಕಾಲ ನಡೆಸಿದರೆ ಹುಟ್ಟುವ ವಿದ್ಯುತ್ತಿನಿಂದ ದೊರೆಯುವ ಅಲ್ಯೂಮಿನಿಯಮ್ ಮೂವತ್ತಮೂರು ಟನ್ ಮಾತ್ರ. ಗೋಡೆಯ ಮೇಲಿಟ್ಟ ಹದಿಮೂರು ಗ್ರಾಮಿನ ಆ ಡಬ್ಬವೊಂದರಲ್ಲಿಯೇ, ಹತ್ತು ವಾಟಿನ ದೀಪವೊಂದು ಹದಿನೆಂಟು ಗಂಟೆಗಳ ಕಾಲ ಉರಿಯುವಷ್ಟು ವಿದ್ಯುತ್ತು ಹೆಪ್ಪುಗಟ್ಟಿ ಕುಳಿತಿದೆ. ಅದನ್ನು ಮರಳಿ ಕರಗಿಸುವುದಕ್ಕಾದರೋ 660 ಡಿಗ್ರಿಯ ಶಾಖ ಸಾಕು. ಹೊಸದಾಗಿ ಮಾಡುವ ಶಕ್ತಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಉಳಿಯಿತೆಂದೇ ಲೆಕ್ಕ.

ಈಗ ಡಬ್ಬಗಳ ಕುಲವೃತ್ತಾಂತ. ಆಹಾರವನ್ನು ಪಾತ್ರೆಯಲ್ಲಿ ಮುಚ್ಚಿ ಕುದಿಸಿದರೆ ಅದು ಕೆಡದೆಂಬುದನ್ನು ಪ್ಯಾರಿಸಿನ ಮಿಠಾಯಿಗಾರ ನಿಕೊಲಾ ಅಪೇರನು ಗಾಜಿನ ಸೀಸೆಗಳಲ್ಲಿ ಸಾಧಿಸಿ ತೋರಿಸಿ 1810ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡನು ತಗಡಿನ ಡಬ್ಬಕ್ಕೆ ಹಕ್ಕುಪತ್ರವನ್ನು ಪಡೆದನು. ಹೀಗೆ ಕುದಿಸಿದ ಅನ್ನ ಏಕೆ ಕೆಡುವುದಿಲ್ಲವೆಂಬ ಕಾರಣವನ್ನು ಲೂಯಿ ಪಾಸ್ಚರನು ವಿವರಿಸಿದ್ದು ಅರ್ಧ ಶತಮಾನದ ಅನಂತರ. ನಮ್ಮ ದೇಶದಲ್ಲಿ ತಗಡಿಗೆ ತವರ ಹಾಯಿಸುವ ಉದ್ಯಮವು ಜಮ್‌ಶೇಡ್‌ಪುರದ ಗೋಲ್ಮುರಿಯಲ್ಲಿ 1920ರಲ್ಲಿ ಸ್ಥಾಪಿತವಾದ ಟಿನ್‌ಪ್ಲೇಟ್ ಕಂಪನಿಯಿಂದ ನೆಲೆಯೂರಿತು. 1950ರಲ್ಲಿ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ತೆರೆದ ಕೇಂದ್ರೀಯ ಆಹಾರ ಸಂಶೋಧನಾಲಯವು ಮಾವು, ಅನಾನಸುಗಳನ್ನು ಡಬ್ಬಿಯಲ್ಲಿ ಕಾಪಿಡುವ ವಿದ್ಯೆಯನ್ನು ಬೆಳೆಸಿತು. ಮಲ್ಪೆಯ ಕಡೆ ಬೈಗೆ ಮೀನು ಡಬ್ಬಿಯೇರಿ ಪರದೇಶಕ್ಕೆ ಹೊರಟಿತು.

ತವರ ಹಾಯಿಸಿದ ತಗಡೆಂದರೇನೆಂದು ನಮ್ಮ ಹಿರಿಯರಿಗೆ ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಹಿಂದೆ ಬೇಸಗೆಯ ದಿನಗಳಲ್ಲಿ ಊರೂರಿಗೆ ಬಂದು, ಮರದ ಬುಡದಲ್ಲಿ ಹೊಂಡ ತೋಡಿ ತಿದಿಯೊತ್ತಿ, ಹಿತ್ತಾಳೆಯ ಪಾತ್ರೆಯ ಒಳಗೆ ನವಸಾಗರವನ್ನು ಎರಚಿ ತವರವನ್ನು ಹತ್ತಿಯಿಂದ ಉಜ್ಜುತ್ತಿದ್ದ ಕಲಾಯಿಯವನನ್ನು ಕಂಡವರು ಈಗಲೂ ಇದ್ದಾರೆ. ಡಬ್ಬವೆಂಬುದು ಉಕ್ಕಿನ ಮೇಲೆ ಹಾಕಿದ ಕಲಾಯಿಯೇ. ಮಿಲಿಮೀಟರಿನ ಐದನೆಯ ಒಂದು ಪಾಲಿನಷ್ಟು ದಪ್ಪದ ಉಕ್ಕಿಗೆ, ಮಿಲಿಮೀಟರಿನ ಸಾವಿರದ ಒಂದು ಪಾಲು ಅಥವಾ ಅದಕ್ಕೂ ತೆಳುವಾದ ತವರದ ಹೊದಿಕೆ. ಆ ಹೊದಿಕೆಯ ಸ್ವಭಾವದಲ್ಲಿ ಒಂದು ಸೋಜಿಗವಿದೆ. ಮುಚ್ಚಿದ ಡಬ್ಬಿಯ ಒಳಗೆ, ಗಾಳಿಯಿಲ್ಲದೆಡೆಯಲ್ಲಿ, ಹಣ್ಣಿನ ಆಮ್ಲಗಳ ನಡುವೆ, ತವರವು ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಹೊರಗೆ, ಗಾಳಿಯಲ್ಲಿ, ಅದೇ ತವರದ ಮೈಯಲ್ಲೊಂದು ಗೀರು ಬಿದ್ದಿತೆಂದರೆ ಆ ಗೀರಿನ ಬಾಯಿಯಲ್ಲಿ ಉಕ್ಕು ಮೊದಲಿಗಿಂತಲೂ ವೇಗವಾಗಿ ತುಕ್ಕಾಗತೊಡಗುತ್ತದೆ. ಒಳಗೆ ಅಂಗರಕ್ಷಕನಾದವನು ಹೊರಗೆ ಶತ್ರುವಿನ ಪಕ್ಷಕ್ಕೆ ಸೇರುತ್ತಾನೆ. ಈಚೆಗೆ ಅನೇಕ ಡಬ್ಬಗಳಿಗೆ ತವರದ ಬದಲು ಕ್ರೋಮಿಯಮ್‌ನ ಹೊದಿಕೆಯನ್ನೂ ಅದರ ಮೇಲೆ ಅರಗಿನಂತಹ ಲೇಪವನ್ನೂ ಕೊಡುವುದುಂಟು.

ಅಲ್ಯೂಮಿನಿಯಮ್ ಡಬ್ಬವು ಇನ್ನೊಂದು ತಲೆಮಾರಿನ ಕೂಸು. 1959ರಲ್ಲಿ ಅಮೆರಿಕದ ಕೂರ್ಸ್ ಎಂಬ ಬಿಯರ್ ಕಂಪನಿಯು ಎರಡೇ ತುಂಡುಗಳಿಂದಾದ ಅಲ್ಯೂಮಿನಿಯಮ್ ಡಬ್ಬವನ್ನು ಮಾರುಕಟ್ಟೆಗೆ ತಂದಿತು. ತಂದ ದಿನದಿಂದಲೇ, ಖಾಲಿ ಡಬ್ಬವನ್ನು ಹಿಂದಿರುಗಿಸಿದವರಿಗೆ ಒಂದು ಸೆಂಟನ್ನು ಕೊಡುವ ಏರ್ಪಾಡನ್ನೂ ಮಾಡಿತ್ತೆಂಬುದು ನನಗೆ ಆ ಡಬ್ಬಕ್ಕಿಂತಲೂ ದೊಡ್ಡ ಸಂಗತಿಯಾಗಿ ತೋರುತ್ತದೆ. ಬಿಲ್ಲೆಯಾಕಾರದ ತಗಡನ್ನು ಬಟ್ಟಲಿನಂತೆ ಒತ್ತಿ, ಆ ಬಟ್ಟಲನ್ನು ಉಂಗುರಗಳ ಮೂಲಕ ತೂರಿಸಿ ಎಳೆದಾಗ, ಅದರ ಗೋಡೆಯು ಎಳೆದಷ್ಟೂ ತೆಳುವಾಗಿ ಮೇಲೇರಿ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಇಷ್ಟು ತೆಳುವಾದುದು ಲಾರಿಯ ಪ್ರಯಾಣವನ್ನು ತಡೆಯುವುದು ಹೇಗೆ? ಒಳಗಿನ ಪಾನೀಯದ ಅನಿಲವು ಹೊರಮುಖವಾಗಿ ಒತ್ತುತ್ತಿರುವವರೆಗೆ ಅದು ಗಾಳಿ ತುಂಬಿದ ಚೆಂಡಿನಂತೆ ಬಿಗಿಯಾಗಿ ನಿಲ್ಲುತ್ತದೆ. ಮುಚ್ಚಳ ತೆರೆದು ಬರಿದುಮಾಡಿದ ಮರುಕ್ಷಣದಲ್ಲಿ ಮಗುವಿನ ಮುಷ್ಟಿಗೂ ಸೋತು ನೆಗ್ಗುತ್ತದೆ. ಗಡಸಾಗಬೇಕಾದ ಮುಚ್ಚಳಕ್ಕೆ ಮೆಗ್ನೀಸಿಯಮ್ ಹೆಚ್ಚು ಬೆರೆತ ಮಿಶ್ರಲೋಹ, ಎಳೆದರೆ ಹರಿಯದಿರಬೇಕಾದ ಮೈಗೆ ಮ್ಯಾಂಗನೀಸು ಸೇರಿದ ಬೇರೊಂದು ಮಿಶ್ರಲೋಹ. ಒಂದೇ ಡಬ್ಬವೆಂದು ನಾವು ತಿಳಿಯುವುದು ಹೀಗೆ ಎರಡು ಲೋಹಗಳ ಜೋಡಣೆ.

ಆಶ್ವಯುಜದಲ್ಲಿ ಮಳೆ ಹಿಂದೆ ಸರಿದ ಮೇಲೆ ಗೋಡೆಯ ಬಳಿಗೆ ಹೋಗಿ ನೋಡಿದೆನು. ಉಕ್ಕಿನ ಡಬ್ಬದ ತಳವು ಕಾಣೆಯಾಗಿತ್ತು. ಉಳಿದ ಬಳೆಯಂತಹ ಮೈಯನ್ನು ಬೆರಳಿನಿಂದ ಮುಟ್ಟಿದಲ್ಲಿ ಅದು ಒಣ ಹಪ್ಪಳದಂತೆ ಪದರ ಪದರವಾಗಿ ಉದುರಿತು. ಅದರಿಂದ ಸೋರಿದ ಕೆಂಪು ನೀರು ಕಲ್ಲಿನ ಮೇಲೆ ಗೇಣುದ್ದ ಇಳಿದಿತ್ತು, ಆದರೆ ಕಲೆಯೆಲ್ಲಿ ಮುಗಿಯಿತು ಕಲ್ಲೆಲ್ಲಿ ತೊಡಗಿತು ಎಂಬುದನ್ನು ಹೇಳಲು ನನ್ನಿಂದಾಗಲಿಲ್ಲ, ಏಕೆಂದರೆ ಎರಡರ ಬಣ್ಣವೂ ಒಂದೇ, ಎರಡರ ದ್ರವ್ಯವೂ ಬಹುಮಟ್ಟಿಗೆ ಒಂದೇ. ತುಕ್ಕು ಸಡಿಲವಾದುದು, ನೀರನ್ನೂ ಗಾಳಿಯನ್ನೂ ಒಳಕ್ಕೆ ಬಿಟ್ಟುಕೊಳ್ಳುತ್ತ ಲೋಹವು ಮುಗಿಯುವವರೆಗೆ ಬೆಳೆಯುತ್ತದೆ, ಕಡಲಗಾಳಿಯ ಉಪ್ಪು ಅದಕ್ಕೆ ಚುರುಕು ಕೊಡುತ್ತದೆ. ಅಲ್ಯೂಮಿನಿಯಮ್ ಡಬ್ಬವಾದರೋ, ಅಲ್ಲಲ್ಲಿ ಬಿಳಿಯ ಚುಕ್ಕೆಗಳನ್ನೂ ಉಪ್ಪು ಚುಚ್ಚಿದ ಸೂಜಿಮೊನೆಯಷ್ಟಿನ ಗುಳಿಗಳನ್ನೂ ಬಿಟ್ಟರೆ, ಇಟ್ಟ ದಿನದಂತೆಯೇ ಇತ್ತು. ಗಾಳಿಗೆ ಒಡ್ಡಿದ ಕ್ಷಣದಲ್ಲೇ ಅದರ ಮೈಮೇಲೆ ಮೂಡುವ ಆಕ್ಸೈಡಿನ ಪೊರೆಯು ಕಣ್ಣಿಗೆ ಕಾಣದಷ್ಟು ತೆಳು. ಆದರೆ ಬಿಗಿಯಾದುದು, ಅಂಟಿಕೊಂಡು ನಿಲ್ಲುವಂಥದು, ಗೀರಿದರೆ ತಾನಾಗಿ ಮತ್ತೆ ಕೂಡಿಕೊಳ್ಳುವಂಥದು. ನಮ್ಮ ಅಡುಗೆಮನೆಯಲ್ಲಿ ಆ ಲೋಹವನ್ನು ಬಾಳಿಸುವ ಗುಣವೇ, ಎಸೆದ ಮೇಲೆ ನಮ್ಮ ತೀರದಲ್ಲಿ ಅದನ್ನು ದಶಕಗಳವರೆಗೆ ಉಳಿಸುತ್ತದೆ.

ಈ ತೀರವು ಬರಿಗಾಲಿನವರ ತೀರ. ಬೆಳಗಿನ ಜಾವ ಕೈರಂಪಣಿಯ ಹಗ್ಗ ಹಿಡಿದು ಮರಳಿನಲ್ಲಿ ಹಿಂದಕ್ಕೆ ಹೆಜ್ಜೆಯಿಡುತ್ತ ಬಲೆಯೆಳೆಯುವವರು ಕಾಲಡಿಯನ್ನು ನೋಡುವಂತಿಲ್ಲ. ಕುಂದಾಪುರದ ಕೋಡಿಯ ಮರಳಿಗೆ ಮೊಟ್ಟೆಯಿಡಲು ಬರುವ ಕಡಲಾಮೆಯೂ ನೋಡಲಾರದು. ಹರಿದ ತಗಡಿನ ಬಾಯಿ ಎಂಥದೆಂಬುದನ್ನು ಹಿಮ್ಮಡಿಯಲ್ಲಿ ಹೊಲಿಗೆ ಹಾಕಿಸಿಕೊಂಡ ಮೀನುಗಾರರಿಂದ ಕೇಳಬೇಕು. ಈ ವಿಷಯದಲ್ಲಿ ನನಗೆ ಸಮಾಧಾನದ ಮಾತುಗಳು ತೋಚುವುದಿಲ್ಲ. ಕುಡಿದು ಮುಗಿಸಿದ ಡಬ್ಬವನ್ನು ಕಡಲಿಗೆ ಎಸೆಯುವುದು ತಪ್ಪು.

ನಮ್ಮಲ್ಲಿ ಡಬ್ಬವನ್ನು ಎಸೆಯುವ ಪದ್ಧತಿಯೇ ಇರಲಿಲ್ಲ. ಚಿಮಿಣಿ ಎಣ್ಣೆಯ ಡಬ್ಬಕ್ಕೆ ನಡುವೆ ಮರದ ಹಿಡಿಯನ್ನು ಬಡಿದು, ಜೋಡಿಯಾಗಿ ದಂಟೆಗೆ ಕಟ್ಟಿ, ಹೆಗಲ ಮೇಲೆ ಹೊತ್ತು ತರಕಾರಿಯ ಸಾಲುಗಳಿಗೆ ನೀರುಣಿಸುತ್ತಿದ್ದರು. ಹದಿನೈದು ಕಿಲೋ ಎಣ್ಣೆಯ ಚೌಕದ ಡಬ್ಬ ಬರಿದಾದರೆ ಅದರಲ್ಲಿ ಹಪ್ಪಳ, ಸಂಡಿಗೆ, ಕುಚ್ಚಲಕ್ಕಿ. ತಳ ಸೋರತೊಡಗಿದರೆ ತುಳಸಿಯ ಗಿಡ. ಅದೂ ಆಗದಿದ್ದರೆ ಬಿಡಿಸಿ ಚಪ್ಪಟೆಗೊಳಿಸಿ ಬಚ್ಚಲ ಮಾಡಿಗೆ. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸಿದ ನಮ್ಮ ಕಡೆಯವರ ಭಟ್ಟಿಮನೆಗಳಲ್ಲಿ ಆ ಚೌಕದ ಡಬ್ಬವೇ ಬಿಂದಿಗೆಯೂ ಅಳತೆಯೂ ಕುಳಿತುಕೊಳ್ಳುವ ಮಣೆಯೂ ಆಗಿತ್ತು. ಗಲ್ಫಿನಿಂದ ಬಂದ ಹಾಲಿನ ಪುಡಿಯ ಡಬ್ಬವೊಂದರಲ್ಲಿ ನಮ್ಮ ಅತ್ತೆಯವರು ಮೂವತ್ತು ವರ್ಷ ಉದ್ದಿನ ಬೇಳೆಯನ್ನು ಇಟ್ಟುಕೊಂಡಿದ್ದರು. ಮೇಲಿನ ಚಿತ್ರವೆಲ್ಲ ಕೈಯುಜ್ಜಿಗೆ ಅಳಿಸಿಹೋಗಿತ್ತು.

ಇಷ್ಟೆಲ್ಲ ಉಪಯೋಗ ಮುಗಿದ ಮೇಲೆ ಡಬ್ಬವು ಹೋಗುತ್ತಿದ್ದುದೂ ಈಗ ಹೋಗಬೇಕಾದುದೂ ಗುಜರಿಗೆ. ನಾನು ಎರಡು ಡಬ್ಬಗಳ ಅವಶೇಷವನ್ನು ಕಾಗದದಲ್ಲಿ ಕಟ್ಟಿಕೊಂಡು ಹೆದ್ದಾರಿಯ ಬದಿಯ ಗುಜರಿ ಅಂಗಡಿಗೆ ಹೋದೆನು. ಅಂಗಡಿಯ ಯಜಮಾನರು ಅಂಗಿಯ ಕಿಸೆಯಿಂದ, ಹಾಳಾದ ಸ್ಪೀಕರಿನಿಂದ ಕಿತ್ತ ಬಳೆಯಾಕಾರದ ಕಾಂತವನ್ನು ತೆಗೆದು ಪಾನೀಯದ ಡಬ್ಬಕ್ಕೆ ಮುಟ್ಟಿಸಿದರು.

“ಹ್ವಾಯ್, ಕಾಣಿ, ಕಚ್ತಿಲ್ಲೆ. ಕಚ್ಚದ್ದೇ ಒಳ್ಳೆ ಮಾಲ್.”

ಕಬ್ಬಿಣವು ಕಾಂತಕ್ಕೆ ಕಚ್ಚುತ್ತದೆ, ಅಲ್ಯೂಮಿನಿಯಮ್ ಕಚ್ಚುವುದಿಲ್ಲ. ಕಚ್ಚದ ಲೋಹಕ್ಕೆ ಕಚ್ಚುವ ಲೋಹದ ಹಲವು ಪಟ್ಟು ಬೆಲೆ. ದೊಡ್ಡ ಕಾರ್ಖಾನೆಗಳಲ್ಲಿ ನಡೆಯುವುದೂ ಇದೇ ತತ್ತ್ವದ ವಿಸ್ತಾರ. ಸಾಗುಪಟ್ಟಿಯ ಮೇಲೆ ಹರಿದು ಬರುವ ಕಸದಿಂದ ಮೊದಲು ವಿದ್ಯುತ್ಕಾಂತವು ಉಕ್ಕನ್ನೆಲ್ಲ ಮೇಲಕ್ಕೆ ಸೆಳೆದುಕೊಳ್ಳುತ್ತದೆ. ಉಳಿದುದು ಪಟ್ಟಿಯ ತುದಿಗೆ ಬಂದಾಗ, ಅಲ್ಲಿ ರಭಸದಿಂದ ತಿರುಗುವ ಕಾಂತಗಳ ಉರುಳೆಯು ಅಲ್ಯೂಮಿನಿಯಮ್‌ನೊಳಗೆ ಸುಳಿಯಂತಹ ವಿದ್ಯುತ್ಪ್ರವಾಹಗಳನ್ನು ಎಬ್ಬಿಸಲಾಗಿ, ಆ ಪ್ರವಾಹಗಳು ಹುಟ್ಟಿಸುವ ಕಾಂತತ್ವವು ಉರುಳೆಯ ಕಾಂತತ್ವವನ್ನು ದೂಡುವ ಕಾರಣದಿಂದ, ಕಾಂತಕ್ಕೆ ಎಂದೂ ಅಂಟದ ಆ ಡಬ್ಬವು ಕಪ್ಪೆಯಂತೆ ಹಾರಿ ಬೇರೊಂದು ಗುಂಡಿಗೆ ಬೀಳುತ್ತದೆ. ಪ್ಲಾಸ್ಟಿಕ್ಕೂ ಕಾಗದವೂ ಹಾರುವುದಿಲ್ಲ, ನೇರವಾಗಿ ಕೆಳಗುರುಳುತ್ತವೆ.

ಅಲ್ಲಿಂದ ಮುಂದಿನ ಎರಡು ದಾರಿಗಳು ಬೇರೆ ಬೇರೆ. ಉಕ್ಕಿನ ಡಬ್ಬವು ಇತರ ಗುಜರಿಯೊಡನೆ ವಿದ್ಯುತ್ ಕುಲುಮೆಗೆ ಹೋಗಿ ಕಟ್ಟಡದ ಸರಳಾಗಿಯೋ ಬೇರೊಂದಾಗಿಯೋ ಹುಟ್ಟುತ್ತದೆ. ಹಳೆಯ ಉಕ್ಕಿನಿಂದ ಒಂದು ಟನ್ ಹೊಸ ಉಕ್ಕಾದಾಗ ಸುಮಾರು 1.4 ಟನ್ ಅದಿರೂ ಮುಕ್ಕಾಲು ಟನ್ ಕಲ್ಲಿದ್ದಲೂ ನೆಲದಲ್ಲೇ ಉಳಿಯುತ್ತವೆ. ಕುದುರೆಮುಖದ ಗುಡ್ಡಗಳಿಂದ ಅದಿರನ್ನು ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರಿನ ಕೊಳವೆಯಲ್ಲಿ ಪಣಂಬೂರಿಗೆ ಹರಿಯಿಸಿದ ಕಾಲವನ್ನೂ, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ 2005ರ ಕೊನೆಗೆ ಆ ಗಣಿ ನಿಂತುದನ್ನೂ ಬಲ್ಲ ನಮ್ಮ ಕರಾವಳಿಯವರಿಗೆ, ನೆಲದಲ್ಲೇ ಉಳಿದ ಅದಿರೆಂದರೆ ಏನೆಂಬುದು ತಿಳಿಯದ ವಿಷಯವಲ್ಲ. ತವರವು ಉಕ್ಕಿನಲ್ಲಿ ಹೆಚ್ಚು ಬೆರೆತರೆ ಕಾಸಿ ಬಡಿಯುವಾಗ ಉಕ್ಕು ಬಿರುಕುಬಿಡುವುದರಿಂದ, ಕೆಲವೆಡೆ ಡಬ್ಬಗಳನ್ನು ಕಾಸ್ಟಿಕ್ ಸೋಡದ ದ್ರಾವಣದಲ್ಲಿಟ್ಟು, ವಿದ್ಯುತ್ತಿನಿಂದ ತವರವನ್ನು ಮೊದಲು ಬಿಡಿಸಿಕೊಳ್ಳುವುದುಂಟು.

ಅಲ್ಯೂಮಿನಿಯಮ್‌ನ ದಾರಿಯಲ್ಲಿ ಅಪಾಯಗಳು ಹೆಚ್ಚು. ತೆಳುವಾದ ತಗಡನ್ನು ಬಿಡಿಯಾಗಿ ಬೆಂಕಿಗೆ ಹಾಕಿದರೆ ಅದರ ಒಂದಷ್ಟು ಭಾಗ ಕರಗುವ ಬದಲು ಉರಿದು ಮತ್ತೆ ಆಕ್ಸೈಡೇ ಆಗಿಬಿಡುತ್ತದೆ. ಆದುದರಿಂದ ಡಬ್ಬಗಳನ್ನು ಒತ್ತಿ ಗಂಟುಕಟ್ಟಿ, ಬಣ್ಣವನ್ನೂ ಒಳಲೇಪವನ್ನೂ ಶಾಖದಿಂದ ಕಳೆದು, ಕರಗಿದ ಲೋಹದೊಳಕ್ಕೆ ಮುಳುಗಿಸಬೇಕು. ಡಬ್ಬಗಳನ್ನಷ್ಟೇ ಬೇರೆಯಾಗಿ ಕೂಡಿಸಿದರೆ ಅವು ತಿರುಗಿ ಡಬ್ಬಗಳೇ ಆಗಬಲ್ಲವು. ಎಂಜಿನ್ನಿನ ಎರಕ, ಕಿಟಕಿಯ ಚೌಕಟ್ಟು, ಹಳೆಯ ಪಾತ್ರೆ ಎಲ್ಲವನ್ನೂ ಒಂದೇ ಮೂಸೆಗೆ ಸುರಿದರೆ ಸಿಲಿಕಾನು, ತಾಮ್ರಗಳು ಬೆರೆತು, ಮುಂದೆ ಒರಟಾದ ಎರಕಕ್ಕಲ್ಲದೆ ಬೇರಾವುದಕ್ಕೂ ಆಗದ ಲೋಹ ದೊರೆಯುತ್ತದೆ. ಮನೆಯಲ್ಲಿ ನಾವು ಮಾಡುವ ವಿಂಗಡಣೆಯ ಬೆಲೆ ಇರುವುದು ಇಲ್ಲಿ. ತೊಳೆದ ಡಬ್ಬಕ್ಕೆ ಇರುವೆ ಮುತ್ತುವುದಿಲ್ಲ, ಒಳಗೆ ಸೊಳ್ಳೆಯ ಮರಿ ಹುಟ್ಟುವುದಿಲ್ಲ, ಅದನ್ನು ಕೈಯಿಂದ ಆರಿಸುವವರಿಗೆ ಹೇಸಿಗೆಯಾಗುವುದಿಲ್ಲ. ಎಳೆದು ತೆರೆದ ನಾಲಗೆಯನ್ನು ಕಿತ್ತೆಸೆಯದೆ ಡಬ್ಬಕ್ಕೆ ಅಂಟಿಕೊಂಡೇ ಇರಲು ಬಿಡಬೇಕು. ತೆಂಗಿನ ಬುಡದ ಕಸದ ಬೆಂಕಿಗೆ ಡಬ್ಬವನ್ನು ಹಾಕಬಾರದು.

ಆರಿಸುವ ಕೈಗಳೆಂದೆನಷ್ಟೆ, ಕುಂದಾಪುರ ತಾಲೂಕಿನ ವಂಡ್ಸೆಯ ಗ್ರಾಮ ಪಂಚಾಯತು, ಕಸವೆಂಬ ಶಬ್ದವನ್ನೇ ಬಿಟ್ಟು, ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆಯೆಂಬ ಹೆಸರಿನಿಂದ ನಡೆಸಿದ ಘಟಕವು ಜಿಲ್ಲೆಯ ಇತರ ಪಂಚಾಯತುಗಳಿಗೆ ಮೇಲ್ಪಂಕ್ತಿಯಾಯಿತು. ಕಾರ್ಕಳದ ನಿಟ್ಟೆಯಲ್ಲಿ ಅನೇಕ ಪಂಚಾಯತುಗಳ ಒಣ ಕಸವನ್ನು ಒಟ್ಟುಗೂಡಿಸಿ ವಿಂಗಡಿಸುವ ಕೇಂದ್ರವು ಏರ್ಪಟ್ಟಿದೆ. ಇಂಥ ಘಟಕಗಳಲ್ಲಿ ಕೈಗವಸು ತೊಟ್ಟು ಮೇಜಿನ ಸುತ್ತ ನಿಂತು ದಿನವಿಡೀ ವಿಂಗಡಿಸುವ ಹೆಣ್ಣುಮಕ್ಕಳು, ಲೋಹವಿಜ್ಞಾನದ ಮೊದಲ ಪಾಠವಾದ ದ್ರವ್ಯಪರೀಕ್ಷೆಯನ್ನು ತೂಕದಿಂದಲೂ ಸದ್ದಿನಿಂದಲೂ ಮಾಡಬಲ್ಲವರು. ಈ ಊರಿನಲ್ಲೇ ಹುಟ್ಟಿದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಬರೆದವರು. ಅಂಥವರ ಊರಿನ ಶಾಲೆಯ ಮಕ್ಕಳನ್ನು ಈ ವಿಂಗಡಣೆಯ ಮೇಜಿನ ಬಳಿಗೆ ಒಂದು ದಿನ ಕರೆದೊಯ್ದರೆ, ಪಠ್ಯದ ಎರಡು ಅಧ್ಯಾಯಗಳು ಅಲ್ಲಿಯೇ ಮುಗಿಯುತ್ತವೆಂದು ನನಗೆ ದೃಢವಾಗಿ ತೋರುತ್ತದೆ.

ಗುಜರಿಯ ಯಜಮಾನರು ನನ್ನ ಪಾನೀಯದ ಡಬ್ಬವನ್ನು ತಕ್ಕಡಿಗೆ ಹಾಕಿದರು, ಮುಳ್ಳು ಅಲುಗಲಿಲ್ಲ.

“ಕಿಲೋ ಆಪುಕೆ ಇಂಥದ್ ಎಪ್ಪತ್ತಾದ್ರೂ ಬೇಕ್,” ಎಂದು ಹೇಳಿ ಅದನ್ನು ಕಾಲಿನಿಂದ ಚಪ್ಪಟೆಗೊಳಿಸಿ, ಮೂಲೆಯಲ್ಲಿ ಅರ್ಧ ತುಂಬಿದ್ದ ಗೋಣಿಗೆ ಹಾಕಿದರು. ಆ ಮೇಲೆ ಕಾಗದವನ್ನು ಬಿಡಿಸಿ ಮೀನಿನ ಡಬ್ಬದ ಚೂರುಗಳ ಮೇಲೆ ಕಾಂತವನ್ನು ಒಮ್ಮೆ ಆಡಿಸಿದರು. ಒಳಗೆ ಇನ್ನೂ ಲೋಹವುಳಿದಿದ್ದ ನಾಲ್ಕೈದು ಚಕ್ಕೆಗಳು ಟಿಕ್ಕೆಂದು ಎದ್ದು ಹತ್ತಿಕೊಂಡವು. ಉಳಿದುದೆಲ್ಲ, ಮುಷ್ಟಿಯಷ್ಟು ಕೆಂಪು ಪುಡಿ, ಕಾಗದದ ಮೇಲೆಯೇ ಬಿದ್ದುಕೊಂಡಿತ್ತು. ಅವರು ಆ ಚಕ್ಕೆಗಳನ್ನು ಬಿಡಿಸಿ ಕಬ್ಬಿಣದ ರಾಶಿಗೆ ಹಾಕಿದರು, ಕಾಗದವನ್ನು ಬಾಗಿಲಾಚೆಗೆ ಒಯ್ದು ಕೊಡವಿದರು. ಅಂಗಳವೂ ಕೆಂಪು ಮಣ್ಣಿನದೇ ಆಗಿತ್ತು.